ವಿದ್ವಾಂಸರ ಭಿನ್ನಮತವೂ ವರ್ತಮಾನದ ರಾಜ್ಯಾಡಳಿತವೂ

ವಿಶ್ವವಿದ್ಯಾನಿಲಯದ ವಿದ್ವಾಂಸರು ನಡೆಯುತ್ತಿರುವ ರಾಜಕಾರಣವನ್ನು ಕುರಿತು ಪತ್ರಿಕೆಗಳಲ್ಲಿ ಅಭಿಪ್ರಾಯ ಹೇಳುವುದು ಉಚಿತವೆ, ಅನುಚಿತವೆ ಎಂಬ ಚರ್ಚೆ ನಮ್ಮ ದೇಶದಲ್ಲಿ ಆಗಾಗ ತಲೆಯೆತ್ತುತ್ತದೆ. ಪ್ರಾಧ್ಯಾಪಕನ ಕೆಲಸ ಪಾಠ ಹೇಳುವುದು, ಸರಕಾರದ ಒಪ್ಪುತಪ್ಪುಗಳನ್ನು ಚುನಾವಣೆಯಲ್ಲಿ ಪ್ರಜೆಗಳು ನೋಡಿಕೊಳ್ಳುತ್ತಾರೆ ಎಂಬುದು ಒಂದು ಪಕ್ಷ. ಪ್ರಜೆಗಳ ತೆರಿಗೆಯಿಂದ ಓದಿದವನು ಆ ಪ್ರಜೆಗಳಿಗೆ ಕಂಡದ್ದನ್ನು ಹೇಳದೆ ಹೋದರೆ ಅವನ ಓದು ಯಾತಕ್ಕೆ ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಇಂತಹ ಪ್ರಶ್ನೆಗಳನ್ನು ಸೂತ್ರಗಳಿಂದ ಬಗೆಹರಿಸುವುದು ನನಗೆ ಒಗ್ಗುವ ದಾರಿಯಲ್ಲ. ನಾನು ಲೆಕ್ಕದ ಪುಸ್ತಕ ನೋಡುವ ವೃತ್ತಿಯವನು. ಯಾರು, ಯಾವ ದಿನ, ಯಾವ ಆಧಾರದ ಮೇಲೆ, ಏನನ್ನು ಬರೆದು ರುಜು ಹಾಕಿದರು ಎಂಬುದನ್ನು ಮೊದಲು ನೋಡುವುದು ನಮ್ಮ ಅಭ್ಯಾಸ. ಆ ಅಭ್ಯಾಸದಿಂದಲೇ ನಮ್ಮ ನಾಡಿನ ಕೆಲವರು ವಿದ್ವಾಂಸರ ಮಾತುಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

ನಾನಿರುವುದು ಪವಾಯಿಯಲ್ಲಿ. ಕೆರೆಯ ಒಂದು ದಂಡೆಯಲ್ಲಿ ತಂತ್ರಜ್ಞಾನ ಸಂಸ್ಥೆಯ ಹಸುರು ಆವರಣ. ಇನ್ನೊಂದು ಬದಿಗೆ ಹೀರಾನಂದಾನಿಯವರ ಕಂಬಗಳ ಮಹಲುಗಳು. ಗುಡ್ಡದ ಓರೆಯಲ್ಲಿ ಆ ಮಹಲುಗಳಲ್ಲಿ ದುಡಿಯುವವರ ಬಿಡಾರಗಳು. ಈ ಸಂಸ್ಥೆ ಆರಂಭವಾದುದು 1958ರಲ್ಲಿ. ಪಂಡಿತ ನೆಹರೂ ಪವಾಯಿಗೆ ಬಂದು ಶಂಕುಸ್ಥಾಪನೆ ಮಾಡಿದುದು 1959ರ ಮಾರ್ಚ್ 10ರಂದು. ಯುನೆಸ್ಕೋದ ಮೂಲಕ ಸೋವಿಯತ್ ಒಕ್ಕೂಟದ ನೆರವು ಬಂದಿತು. ಎಂದರೆ ಇದು ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದ ಕೂಸು. ಬೆಳಗಿನ ತಿರುಗಾಟದಲ್ಲಿ ಅದರ ಹೆಬ್ಬಾಗಿಲನ್ನು ಹಾದುಹೋಗುವಾಗಲೆಲ್ಲ, ಆ ಯೋಜನೆಗೆ ತನ್ನ ಒಪ್ಪಿಗೆಯ ರುಜುವನ್ನು ಹಾಕದೆ ಉಳಿದ ಒಬ್ಬ ಪ್ರಾಧ್ಯಾಪಕರ ನೆನಪಾಗುತ್ತದೆ.

ಅವರು ಬೆಳ್ಳಿಕೋತು ರಘುನಾಥ ಶೆಣೈ. 1905ರಲ್ಲಿ ಹುಟ್ಟಿದರು. ಅವರ ಹೆಸರಿನ ಮೊದಲಲ್ಲಿರುವ ಊರು ಕಾಞಂಗಾಡಿನ ಬಳಿಯದು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡಿನೊಡನೆ ಕೇರಳಕ್ಕೆ ಹೋಯಿತು. ಕನ್ನಡ, ತುಳು, ಕೊಂಕಣಿ, ಮಲೆಯಾಳಗಳು ಒಂದೇ ಜಗಲಿಯಲ್ಲಿ ಕುಳಿತು ಮಾತಾಡುವ ಸೀಮೆ ಅದು. ಶೆಣೈಯವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ಲಂಡನ್ನಿನ ಅರ್ಥಶಾಸ್ತ್ರ ಶಾಲೆಯಲ್ಲಿಯೂ ಓದಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸವನ್ನೂ ಕಂಡರು. ಕೆಲಕಾಲ ರಿಜರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿದರು. 1954ರ ಸುಮಾರಿಗೆ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದ ಸಮಾಜವಿಜ್ಞಾನ ಶಾಲೆಯ ನಿರ್ದೇಶಕರಾದರು.

1955ರಲ್ಲಿ ಎರಡನೆಯ ಯೋಜನೆಯ ಚೌಕಟ್ಟನ್ನು ಪರಿಶೀಲಿಸಲು ಸರಕಾರವು ಅರ್ಥಶಾಸ್ತ್ರಜ್ಞರ ಒಂದು ಮಂಡಲಿಯನ್ನು ಕೂಡಿಸಿತು. ಹಣಕಾಸಿನ ಮಂತ್ರಿ ಸಿ. ಡಿ. ದೇಶಮುಖರು ಅದರ ಅಧ್ಯಕ್ಷರು. ಡಿ. ಆರ್. ಗಾಡ್ಗೀಳ, ವಿ. ಕೆ. ಆರ್. ವಿ. ರಾವ್ ಮೊದಲಾದ, ದೇಶದ ಹೆಸರಾಂತ ಇಪ್ಪತ್ತರಷ್ಟು ವಿದ್ವಾಂಸರು ಅದರಲ್ಲಿದ್ದರು. ಮಂಡಲಿಯ ನಿವೇದನೆ ಯೋಜನೆಯ ಚೌಕಟ್ಟಿಗೆ ಬೆಂಬಲವಾಗಿ ಬಂತು. ಶೆಣೈಯವರೊಬ್ಬರೇ ಬೇರೆಯಾಗಿ ಭಿನ್ನಮತದ ಟಿಪ್ಪಣಿಯೊಂದನ್ನು ಬರೆದುಕೊಟ್ಟರು.

ಆ ಟಿಪ್ಪಣಿಯ ವಾದವನ್ನು ಮನೆಯ ಲೆಕ್ಕದ ಮಾತಿನಲ್ಲಿ ಹೇಳಬಹುದು. ಒಂದು ಸಂಸಾರವು ಉಳಿಸಬಲ್ಲದ್ದು ವರ್ಷಕ್ಕೆ ನೂರು ರೂಪಾಯಿ. ಯಜಮಾನನು ನೂರೈವತ್ತು ರೂಪಾಯಿಯ ಮಾಳಿಗೆಗೆ ಕೈಹಾಕುತ್ತಾನೆ. ಉಳಿದ ಐವತ್ತು ಎಲ್ಲಿಂದ ಬರಬೇಕು? ಸಂಸಾರವಾದರೆ ಸಾಲ ಮಾಡಬೇಕು. ಸರಕಾರಕ್ಕೆ ಇನ್ನೊಂದು ದಾರಿಯುಂಟು: ಕೇಂದ್ರ ಬ್ಯಾಂಕಿನಿಂದ ಹೊಸ ನೋಟು ಹೊರಡಿಸಬಹುದು. ಎರಡನೆಯ ಯೋಜನೆಯ ಸರಕಾರಿ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಹೀಗೆ ಖೋತಾ ಹಣಕಾಸಿನಿಂದ ತುಂಬುವುದೆಂದು ಎಣಿಸಲಾಗಿತ್ತು. ಎಂದರೆ ನಾಲ್ಕರಲ್ಲೊಂದು ಪಾಲು. ಶೆಣೈಯವರು ಹೇಳಿದುದಿಷ್ಟು: ನೋಟು ಉಳಿತಾಯವಲ್ಲ. ನೋಟಿನ ಹಿಂದೆ ಸರಕು ಬಾರದಿದ್ದರೆ ಬೆಲೆಯೇರುತ್ತದೆ. ಬೆಲೆಯೇರಿದರೆ ಆಮದು ಹೆಚ್ಚುತ್ತದೆ, ರಫ್ತು ಕುಗ್ಗುತ್ತದೆ, ವಿದೇಶೀ ವಿನಿಮಯ ಕರಗುತ್ತದೆ. ಅದನ್ನು ತಡೆಯಲು ಹತೋಟಿಗಳು ಬರುತ್ತವೆ. ಹತೋಟಿಗಳ ಹಿಂದೆ ಪರವಾನೆಗಳೂ ಪರವಾನೆಯ ದಲ್ಲಾಳಿಗಳೂ ಬರುತ್ತಾರೆ. ಇದು ಮುಂದುವರಿದರೆ ಕೊನೆಗೆ ಪ್ರಜಾಪ್ರಭುತ್ವದ ವ್ಯವಸ್ಥೆಗೇ ಅಪಾಯವೆಂದೂ ಅವರು ಎಚ್ಚರಿಸಿದರು. ಆದುದರಿಂದ ಯೋಜನೆಯ ಗಾತ್ರವನ್ನು ನಿಜವಾಗಿ ದೊರೆಯುವ ಸಂಪನ್ಮೂಲಗಳ ಅಳತೆಗೆ ಇಳಿಸಬೇಕೆಂಬುದು ಅವರ ಸಲಹೆ.

ಮುಂದೇನಾಯಿತೆಂಬುದಕ್ಕೆ ರಿಜರ್ವ್ ಬ್ಯಾಂಕಿನ ಕಾಯಿದೆಯ ಪುಟಗಳೇ ಸಾಕ್ಷಿ. 1934ರ ಮೂಲ ಕಾಯಿದೆಯ ಪ್ರಕಾರ ಹೊರಡಿಸಿದ ನೋಟುಗಳಲ್ಲಿ ನೂರಕ್ಕೆ ನಲವತ್ತರಷ್ಟಕ್ಕೆ ಚಿನ್ನ ಮತ್ತು ವಿದೇಶೀ ಪತ್ರಗಳ ಆಧಾರವಿರಬೇಕಾಗಿತ್ತು. 1956ರಲ್ಲಿ ಈ ಪ್ರಮಾಣಾನುಸಾರಿ ಪದ್ಧತಿಯನ್ನು ಕೈಬಿಟ್ಟು, ಚಿನ್ನ 115 ಕೋಟಿ, ವಿದೇಶೀ ಪತ್ರಗಳು 400 ಕೋಟಿ ಇದ್ದರೆ ಸಾಕೆಂದು ತಿದ್ದಲಾಯಿತು. ಮರುವರ್ಷ, 1957ರಲ್ಲಿ, ಎರಡೂ ಸೇರಿ 200 ಕೋಟಿ ಇದ್ದರೆ ಸಾಕೆಂದು ಮತ್ತೊಮ್ಮೆ ತಿದ್ದಲಾಯಿತು. ತಿಜೋರಿ ಬರಿದಾಗುತ್ತ ಬಂದಾಗ ತಿಜೋರಿಯ ಅಳತೆಗೋಲನ್ನು ಮೊಟಕುಗೊಳಿಸಿದ ಹಾಗೆ! 1957-58ರ ವಿದೇಶೀ ವಿನಿಮಯದ ಮುಗ್ಗಟ್ಟು ಎಷ್ಟು ತೀವ್ರವಾಗಿತ್ತೆಂದರೆ, 1958ರ ಆಗಸ್ಟಿನಲ್ಲಿ ಭಾರತಕ್ಕೆ ನೆರವೀಯುವ ರಾಷ್ಟ್ರಗಳ ಕೂಟವೊಂದನ್ನೇ ಕಟ್ಟಬೇಕಾಯಿತು. ಯೋಜನೆಯ ಐದು ವರ್ಷಗಳಲ್ಲಿ ಸಗಟು ಬೆಲೆಗಳು ನೂರಕ್ಕೆ ಮೂವತ್ತರ ಸುಮಾರಿಗೆ ಏರಿದವು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರಿನ ಬೆಲೆ 4.76ರಿಂದ 7.50ಕ್ಕೆ ನಿಂತಿತು. ರೂಪಾಯಿಗೆ ಕಟ್ಟಿದ ಬೆಲೆ ಹುಸಿಯೆಂದು ಶೆಣೈಯವರು ವರ್ಷಗಟ್ಟಲೆ ಬರೆಯುತ್ತಲೇ ಬಂದಿದ್ದರು.

ಇಷ್ಟರಿಂದ ಶೆಣೈಯವರೇ ಸರಿ, ಉಳಿದವರೆಲ್ಲ ತಪ್ಪು ಎಂದು ತೀರ್ಪು ಕೊಡುವ ಉತ್ಸಾಹ ಈಚೆಗೆ ಕೆಲವರಲ್ಲಿ ಕಾಣುತ್ತದೆ. ನನಗೆ ಆ ಉತ್ಸಾಹವಿಲ್ಲ. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಉಕ್ಕಿನ ಕಾರಖಾನೆಗಳು ಅದೇ ಯೋಜನೆಯ ಫಲ. ಪವಾಯಿಯ ಈ ಸಂಸ್ಥೆಯೂ ಆ ಕಾಲದ ಧೈರ್ಯದ ಫಲ. ಅಲ್ಲಿ ಓದಿದವರಿಂದ ದೇಶಕ್ಕಾದ ಲಾಭ ಯಾವ ಕೋಷ್ಟಕದಲ್ಲಿಯೂ ಹಿಡಿಯದು. ರೋಗನಿದಾನದಲ್ಲಿ ಶೆಣೈಯವರು ಬಹುಮಟ್ಟಿಗೆ ಸರಿಯಾಗಿದ್ದರು. ಅವರ ಔಷಧವನ್ನು ದೇಶ ಸಹಿಸುತ್ತಿತ್ತೆ ಎಂಬುದು ವಾದಗ್ರಸ್ತ. ಆದರೆ ನಾನು ವಾಚಕರ ಗಮನ ಸೆಳೆಯಬಯಸುವುದು ಬೇರೊಂದು ಸಂಗತಿಗೆ. ಆ ಭಿನ್ನಮತವು ಎಲ್ಲಿ ಅಚ್ಚಾಯಿತು? ಎರಡನೆಯ ಯೋಜನೆಯ ರಚನೆಗೆ ಸಂಬಂಧಿಸಿ ಸರಕಾರವೇ ಪ್ರಕಟಿಸಿದ ಕಾಗದಪತ್ರಗಳಲ್ಲಿ! ಇಪ್ಪತ್ತು ಮಂದಿಯ ಒಪ್ಪಿಗೆಯ ಬಳಿಯಲ್ಲಿಯೇ ಒಬ್ಬನ ಒಪ್ಪದ ಮಾತನ್ನೂ ಸರಕಾರ ತನ್ನ ಖರ್ಚಿನಲ್ಲಿ ಮುದ್ರಿಸಿತು. ಶೆಣೈಯವರು 1968ರವರೆಗೂ ತಮ್ಮ ಪ್ರಾಧ್ಯಾಪಕ ಪೀಠದಲ್ಲಿಯೇ ಇದ್ದರು. ವೃತ್ತಿಬಾಂಧವರ ನಡುವೆ ಅವರು ಒಂಟಿಯಾದರೆಂಬುದು ನಿಜ. ಅವರ ಮಾತನ್ನು ನಡೆಸಿಕೊಡಲಿಲ್ಲವೆಂಬುದೂ ನಿಜ. ಆದರೆ ಮಾತು ದಾಖಲೆಯಲ್ಲಿ ಉಳಿಯಿತು. ಅದಕ್ಕೆ ದಿನಾಂಕವಿತ್ತು, ಕಾರಣಗಳಿದ್ದವು, ರುಜುವಿತ್ತು. ಆದುದರಿಂದಲೇ ನಾವು ಇಂದು ಅದನ್ನು ಫಲದೊಡನೆ ತಾಳೆ ನೋಡಬಲ್ಲೆವು. ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕಲು ಚೀಟಿಗಳಾದರೂ ಇರಬೇಕಷ್ಟೆ.

ಇನ್ನು ಮುಂಬಯಿಗೆ ಬರೋಣ. ಶೆಣೈಯವರ ಟಿಪ್ಪಣಿಯ ಮರುವರ್ಷ, 1956ರಲ್ಲಿ, ಮುಂಬಯಿ ವಿಶ್ವವಿದ್ಯಾನಿಲಯದಿಂದ ಅದೇ ಯೋಜನೆಯ ಮೇಲೆ ಇನ್ನೊಂದು ಟೀಕೆ ಹೊರಟಿತು. ಅದರ ಕರ್ತೃಗಳು ಪ್ರಾಧ್ಯಾಪಕ ಸಿ. ಎನ್. ವಕೀಲರು ಮತ್ತು ಅವರ ಕಿರಿಯ ಸಹೋದ್ಯೋಗಿ ಪಿ. ಆರ್. ಬ್ರಹ್ಮಾನಂದ. ಬ್ರಹ್ಮಾನಂದರು ಮೈಸೂರು ಸೀಮೆಯಿಂದ ಈ ನಗರಕ್ಕೆ ಬಂದವರು, ಹುಟ್ಟಿದುದು 1926ರಲ್ಲಿ. ಆಗ ಅವರಿಗೆ ಮೂವತ್ತು ತುಂಬುತ್ತಿತ್ತು. ಯೋಜನೆ ಯಂತ್ರಗಳನ್ನು ತಯಾರಿಸುವ ಯಂತ್ರಗಳ ಮೇಲೆ ಕಣ್ಣಿಟ್ಟಿದೆ. ಆದರೆ ಕೂಲಿಕಾರನು ತನ್ನ ಕೂಲಿಯಿಂದ ಕೊಳ್ಳುವ ಪದಾರ್ಥಗಳು, ಎಂದರೆ ಜೋಳ, ಅಕ್ಕಿ, ಬಟ್ಟೆ, ಹೆಚ್ಚದೆ ಹೋದರೆ ಹೊಸ ಕೆಲಸಗಾರರಿಗೆ ಉಣಿಸುವುದೇನನ್ನು, ಎಂಬುದು ಅವರ ಪ್ರಶ್ನೆ. ಶೆಣೈಯವರ ವಾದಕ್ಕೂ ಇದಕ್ಕೂ ಅಂತರವಿದೆ: ಅವರದು ಹಣದ ಕಡೆಯಿಂದ ಬಂದ ಸಂಶಯ, ಇವರದು ಅನ್ನದ ಕಡೆಯಿಂದ ಬಂದದ್ದು.

ಬ್ರಹ್ಮಾನಂದರ ಹೆಸರು ದಿನಪತ್ರಿಕೆಗಳ ಮೊದಲ ಪುಟದ ಮಾತಾದುದು 1974ರಲ್ಲಿ. ಹಿಂದಿನ ವರ್ಷದ ತೈಲದ ಬೆಲೆಯೇರಿಕೆ, ಧಾನ್ಯದ ಕೊರತೆ, ಹೊಸ ನೋಟು ಎಲ್ಲವೂ ಸೇರಿ ಸಗಟು ಬೆಲೆಗಳು ವರ್ಷದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೀರಿ ಏರುತ್ತಿದ್ದವು. ಆಗ ವಕೀಲರೂ ಬ್ರಹ್ಮಾನಂದರೂ ಮುಂದಾಗಿ, 140 ಮಂದಿ ಅರ್ಥಶಾಸ್ತ್ರಜ್ಞರ ಪರವಾಗಿ ಪ್ರಧಾನಮಂತ್ರಿಗಳಿಗೆ ಹಣದುಬ್ಬರವನ್ನು ತಡೆಯುವ ನಿವೇದನೆಯೊಂದನ್ನು ಸಲ್ಲಿಸಿದರು. ಅದರ ಹೆಸರು ‘ಸೆಮಿಬೊಂಬ್ಲಾ’. ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಈ ಹೆಸರು ಮೀನಿನ ಮಾರುಕಟ್ಟೆಯಲ್ಲಿ ಕೇಳಬಹುದಾದ ಹೆಸರಿನ ಹಾಗಿದೆಯೆಂದು ನಮ್ಮ ಕರಾವಳಿಯ ಮಿತ್ರರು ಹಾಸ್ಯ ಮಾಡುವುದುಂಟು. ವಿಷಯವಾದರೋ ಗಂಭೀರ: ಜನರ ಕೈಯಲ್ಲಿಯ ನೋಟುಗಳ ಮತ್ತು ಬ್ಯಾಂಕ್ ಠೇವಣಿಗಳ ಒಂದು ಭಾಗವನ್ನು ಬಾಂಡುಗಳ ರೂಪದಲ್ಲಿ ಕೆಲಕಾಲ ಹಿಡಿದಿಟ್ಟು, ಪೇಟೆಯಲ್ಲಿ ಓಡಾಡುವ ಹಣವನ್ನು ಕುಗ್ಗಿಸಬೇಕೆಂಬ ಸಲಹೆ. ಸರಕಾರ ಅದನ್ನು ಇದ್ದ ಹಾಗೆ ಒಪ್ಪಲಿಲ್ಲ. ಆದರೆ 1974ರ ಜುಲೈ ತಿಂಗಳ ಸುಗ್ರೀವಾಜ್ಞೆಗಳು, ಹೆಚ್ಚಿದ ಸಂಬಳವನ್ನೂ ಹೆಚ್ಚಿದ ತುಟ್ಟಿಭತ್ಯೆಯ ಅರ್ಧವನ್ನೂ ಕಡ್ಡಾಯ ಠೇವಣಿಯಾಗಿ ಹಿಡಿದವು. ಕಂಪನಿಗಳು ಹಂಚುವ ಲಾಭಾಂಶಕ್ಕೂ ಮಿತಿ ಹಾಕಿದವು. ಓಡಾಡುವ ಹಣವನ್ನು ಕಟ್ಟಿಹಾಕುವ ಅದೇ ವಿಚಾರ, ಬೇರೆ ಉಡುಪಿನಲ್ಲಿ. ವರ್ಷದ ಕೊನೆಯ ಹೊತ್ತಿಗೆ ಬೆಲೆಗಳು ಇಳಿಯತೊಡಗಿದವು; ಮುಂದಿನ ವರ್ಷದ ಒಳ್ಳೆಯ ಮಳೆಯೂ ಕೈಗೂಡಿತು. ಯಾವುದರ ಪಾಲು ಎಷ್ಟೆಂದು ಹಂಚಿಕೊಡುವುದು ಕಷ್ಟ. ಸಂಬಳದವರ ಪಾಲಿಗಂತೂ ಅದು ಕಹಿ ಮದ್ದು. ನಿವೃತ್ತರಾದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ‘ನನ್ನ ತುಟ್ಟಿಭತ್ಯೆ ಕೊರೆದವರಲ್ಲಿ ನಮ್ಮ ಮೈಸೂರಿನವರೂ ಒಬ್ಬರಲ್ಲವೆ’ ಎಂದು ಕೊನೆಯವರೆಗೂ ಆಡಿಕೊಳ್ಳುತ್ತಿದ್ದರು.

ಇಲ್ಲಿ ಒಂದನ್ನು ಗಮನಿಸಬೇಕು. ಆ 140 ಮಂದಿ ಸರಕಾರದ ಕ್ರಮಕ್ಕೆ ಮುಂಚೆ, ತಿಂಗಳುಗಟ್ಟಲೆ ಮುಂಚೆ, ಹೆಸರು ಹಾಕಿ ಬರೆದರು. ಒಪ್ಪದವರು ಪತ್ರಿಕೆಗಳಲ್ಲಿ ಎದುರು ಬರೆದರು. ಅದಕ್ಕೆ ತಕ್ಕ ವೇದಿಕೆಗಳೂ ಈ ನಗರದಲ್ಲಿದ್ದವು. ಸಚಿನ್ ಚೌಧುರಿಯವರು 1949ರಲ್ಲಿ ಇಲ್ಲಿಯೇ ಆರಂಭಿಸಿದ, 1966ರಲ್ಲಿ ಹೊಸ ಹೆಸರಿನಿಂದ ಹುಟ್ಟಿ ಬಂದ ಆರ್ಥಿಕ ಮತ್ತು ರಾಜಕೀಯ ವಾರಪತ್ರಿಕೆಯಲ್ಲಿ ಮಂತ್ರಿಯ ಬಜೆಟ್ಟಿಗೆ ಪ್ರಾಧ್ಯಾಪಕನ ಉತ್ತರವೂ, ಪ್ರಾಧ್ಯಾಪಕನಿಗೆ ಇನ್ನೊಬ್ಬ ಪ್ರಾಧ್ಯಾಪಕನ ಪ್ರತ್ಯುತ್ತರವೂ ಬರುತ್ತಿದ್ದವು. ಸುದ್ದಿಗೂ ಶಾಸ್ತ್ರಕ್ಕೂ ನಡುವೆ ಒಂದು ವಾರದ ಅಂತರ. ಆ ಒಂದು ವಾರವನ್ನು ನಾನು ಬಹು ದೊಡ್ಡ ಸಂಪತ್ತೆಂದು ಎಣಿಸುತ್ತೇನೆ.

2016ರ ನವೆಂಬರ್ 8ರ ರಾತ್ರಿಯ ನಂತರ ಆ ಅಂತರ ಉಳಿಯಲಿಲ್ಲ. ಐನೂರು, ಸಾವಿರ ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯ ಹಣದ ಮೌಲ್ಯದಲ್ಲಿ ಅವು ನೂರಕ್ಕೆ 86ರಷ್ಟು. ನಾನಾಗ ಪೂರ್ವ ಉಪನಗರದ ಶಾಖೆಯೊಂದರಲ್ಲಿ ಕೆಲಸದಲ್ಲಿದ್ದೆ. ಒಬ್ಬನಿಗೆ ಬದಲಿಸಿಕೊಡಬಹುದಾದ ಮೊತ್ತ ಮೊದಲು 4,000, ಬಳಿಕ 4,500, ಬಳಿಕ 2,000. ನಡುವೆ ಬೆರಳಿಗೆ ಶಾಯಿ ಹಚ್ಚುವ ಆಜ್ಞೆ. ಸರದಿಯಲ್ಲಿ ಯಾದಗಿರಿ ಕಡೆಯ ಗಾರೆ ಕೆಲಸದವನೊಬ್ಬನಿದ್ದ. ನನ್ನ ಮಾತಿನ ಧಾಟಿಯಿಂದ ಕನ್ನಡದವನೆಂದು ತಿಳಿದು ಕೇಳಿದ: ‘ಸಾಹೇಬ್ರ, ಟೀವ್ಯಾಗ ಒಬ್ಬ ಪ್ರೊಫೆಸರ್ ಚಲೋ ಆತು ಅಂತಾನ, ಇನ್ನೊಬ್ಬಾಂವ ಕೆಟ್ಟಾತು ಅಂತಾನ. ಇಬ್ಬರೂ ಓದಿದವರs. ನಾ ಯಾರದು ಖರೇ ಅಂತ ತಿಳೀಲಿ?’ ನಾನು ಅವನ ನೋಟು ಎಣಿಸಿ ಕೊಟ್ಟೆ, ಉತ್ತರ ಕೊಡಲಿಲ್ಲ. ಹಿಂದೆ ಇನ್ನೂರು ಮಂದಿ ನಿಂತಿದ್ದರು.

ಉತ್ತರ ಕೊಡಲು ಸಮಯವಿದ್ದರೂ ಸುಲಭವಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಜಗದೀಶ ಭಗವತಿಯವರು ಕ್ರಮವನ್ನು ಸಮರ್ಥಿಸಿದರು. ಅಮರ್ತ್ಯ ಸೇನರು ಖಂಡಿಸಿದರು. ಹಿಂದೆ ದಿಲ್ಲಿ ಅರ್ಥಶಾಸ್ತ್ರ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಮನಮೋಹನ ಸಿಂಗರು ನವೆಂಬರ್ 24ರಂದು ರಾಜ್ಯಸಭೆಯಲ್ಲಿ ರಾಷ್ಟ್ರೀಯ ಉತ್ಪನ್ನದ ಬೆಳವಣಿಗೆ ನೂರಕ್ಕೆ ಎರಡರಷ್ಟು ತಗ್ಗೀತೆಂದರು. ತಾಳೆ ನೋಡೋಣ. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕುಗಳಿಗೆ ಮರಳಿತೆಂದು ರಿಜರ್ವ್ ಬ್ಯಾಂಕಿನ 2017-18ರ ವರದಿ ತಿಳಿಸಿತು. ಕಪ್ಪುಹಣ ಮರಳದೆ ನಾಶವಾದೀತೆಂಬ ನಿರೀಕ್ಷೆ ಹುಸಿಯಾಯಿತು. ಅತ್ತ, 2016-17ರ ಬೆಳವಣಿಗೆಯ ಅಂಕಿ ಪರಿಷ್ಕರಣೆಯಲ್ಲಿ ನೂರಕ್ಕೆ ಎಂಟನ್ನೂ ಮೀರಿತು. ಟೀಕಾಕಾರರ ಲೆಕ್ಕವೂ ಕಾಗದದ ಮೇಲೆ ಕೂಡಲಿಲ್ಲ. ಆದರೆ ಆ ಅಂಕಿಯಲ್ಲಿ ಅಸಂಘಟಿತ ವ್ಯವಹಾರವನ್ನು ಅಳೆಯುವುದು ಸಂಘಟಿತ ವ್ಯವಹಾರದ ನೆರಳಿನಿಂದ. ಯಾದಗಿರಿಯವನ ಕಳೆದುಹೋದ ಕೂಲಿದಿನಗಳು ಆ ನೆರಳಿನಲ್ಲಿ ಕಾಣುವುದಿಲ್ಲ. ಈ ಕೊನೆಯ ವಿಷಯವನ್ನು ಬಿಡಿಸಿ ಹೇಳಬಲ್ಲವರು ವಿದ್ವಾಂಸರು ಮಾತ್ರ. ದೂರದರ್ಶನದ ಒಂದೂವರೆ ನಿಮಿಷದಲ್ಲಿ ಅದನ್ನು ಹೇಳಲಾಗದು. ಆದುದರಿಂದ ಅಲ್ಲಿ ‘ಚಲೋ ಆತು’, ‘ಕೆಟ್ಟಾತು’ ಎಂಬ ಎರಡೇ ಮಾತು ಉಳಿದವು.

ವಿದ್ವಾಂಸನ ಮಾತು ಸುದ್ದಿಯ ಬಾಯಿಗೆ ಬಿದ್ದು ಹೇಗೆ ಬದಲಾಗುತ್ತದೆಂಬುದಕ್ಕೆ ಇನ್ನೊಂದು ಚಿಕ್ಕ ನಿದರ್ಶನ. ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಚಲಾವಣೆಗೆ ತಂದವರು ಮೈಸೂರಿನ ಎಂ. ಎನ್. ಶ್ರೀನಿವಾಸರು, ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಘುರ್ಯೆಯವರ ಶಿಷ್ಯರು. ಮೈಸೂರು ಸೀಮೆಯ ಹಳ್ಳಿಯೊಂದನ್ನು ಕುರಿತ 1955ರ ಪ್ರಬಂಧದಲ್ಲಿ ಅವರು ಅದನ್ನು ಬಳಸಿದುದು ಊರಿನ ದೊಡ್ಡ ಕುಳಗಳ ವಿಷಯದಲ್ಲಿ: ತನ್ನ ಆಶ್ರಿತರ ಮತಗಳನ್ನು ಒಟ್ಟಾಗಿ ಒಬ್ಬ ಅಭ್ಯರ್ಥಿಗೆ ಕೊಡಿಸಬಲ್ಲ ಯಜಮಾನನೇ ಬ್ಯಾಂಕು. ಇಂದು ಪತ್ರಿಕೆಗಳಲ್ಲಿ ಅದು ಇಡೀ ಒಂದೊಂದು ಜಾತಿಗೆ, ಮತಕ್ಕೆ ಅಂಟಿಸುವ ಚೀಟಿಯಾಗಿದೆ, ಬೈಗುಳವಾಗಿಯೂ ಬಳಕೆಯಲ್ಲಿದೆ. ಯಜಮಾನನು ಮರೆಯಾಗಿ ಆಶ್ರಿತರ ಮೇಲೆ ಅಪವಾದ ಬಂತು. ಬ್ಯಾಂಕಿನವನಾದ ನನಗೆ ಇದರಲ್ಲಿ ಸ್ವಲ್ಪ ವೈಯಕ್ತಿಕ ಬೇಸರವೂ ಉಂಟೆಂದು ಒಪ್ಪಿಕೊಳ್ಳುತ್ತೇನೆ.

ಈಗ ಮತ್ತೆ ಪವಾಯಿಯ ಹೆಬ್ಬಾಗಿಲಿಗೆ. 2023ರ ನವೆಂಬರಿನಲ್ಲಿ ಈ ಸಂಸ್ಥೆಯು ಸಾಮಾಜಿಕವಾಗಿ, ರಾಜಕೀಯವಾಗಿ ವಿವಾದಕ್ಕೆ ಎಡೆಗೊಡಬಹುದಾದ ಸಭೆಗಳಿಗೂ ಹೊರಗಿನ ಉಪನ್ಯಾಸಕರಿಗೂ ಪೂರ್ವಪರಿಶೀಲನೆ ಬೇಕೆಂದು ಮಧ್ಯಂತರ ನಿಯಮಗಳನ್ನು ಹೊರಡಿಸಿತು. ತಾನು ರಾಜಕೀಯದಿಂದ ದೂರವಿರಬೇಕೆಂಬುದು ಸಂಸ್ಥೆಯ ನಿಲುವು. ಅದೇ ವರ್ಷ ಸೋನೀಪತದ ಅಶೋಕ ವಿಶ್ವವಿದ್ಯಾನಿಲಯದ ಒಬ್ಬ ತರುಣ ಅರ್ಥಶಾಸ್ತ್ರಜ್ಞರು 2019ರ ಲೋಕಸಭಾ ಚುನಾವಣೆಯ ಅಂಕಿಗಳ ಮೇಲೆ ಬರೆದ, ಇನ್ನೂ ಸಮಾನವಿದ್ವಾಂಸರ ಪರಿಶೀಲನೆ ಮುಗಿಯದಿದ್ದ ಪ್ರಬಂಧವು ಜುಲೈ ತಿಂಗಳಲ್ಲಿ ಸುದ್ದಿಯಾಯಿತು. ವಿಶ್ವವಿದ್ಯಾನಿಲಯವು ಅದಕ್ಕೂ ತನಗೂ ದೂರ ಕಲ್ಪಿಸಿಕೊಂಡಿತು. ಆಗಸ್ಟಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಪ್ರಬಂಧ ಸರಿಯೋ ತಪ್ಪೋ ಎಂಬುದಕ್ಕೆ ತಕ್ಕ ಉತ್ತರ ಇನ್ನೊಂದು ಪ್ರಬಂಧ. ಅಂತಹ ಉತ್ತರ ಬರೆದವರೂ ಇದ್ದರು. ಆದರೆ ವಾಚಕರ ನೆನಪಿನಲ್ಲಿ ಉಳಿದುದು ರಾಜೀನಾಮೆ, ಅಂಕಿಗಳಲ್ಲ.

ಸಂಸ್ಥೆಗಳ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮಂಥ ಬ್ಯಾಂಕ್ ಅಧಿಕಾರಿಗಳಿಗೂ ನಡತೆಯ ನಿಯಮಗಳಿವೆ. ಈ ಲೇಖನವನ್ನೂ ಅವುಗಳ ಮೇಲೆ ಒಂದು ಕಣ್ಣಿಟ್ಟೇ ಬರೆಯುತ್ತಿದ್ದೇನೆ. ಸಂಬಳ ಕೊಡುವವರ ಕ್ರಮವನ್ನು ಬಹಿರಂಗವಾಗಿ ಟೀಕಿಸಬಾರದೆಂಬ ಕಟ್ಟಳೆ ಗುಮಾಸ್ತನಿಗೂ ಅಧಿಕಾರಿಗೂ ಒಪ್ಪಬಹುದು. ಆಜ್ಞೆಯನ್ನು ನಡೆಸುವುದು ಅವರ ಕೆಲಸ. ಆದರೆ ಪ್ರಾಧ್ಯಾಪಕನ ಕೆಲಸ ಆಜ್ಞೆ ನಡೆಸುವುದಲ್ಲ, ಪರೀಕ್ಷಿಸುವುದು. ಅವನಿಗೂ ಅದೇ ಕಟ್ಟಳೆಯನ್ನು ತೊಡಿಸಿದರೆ 1955ರಲ್ಲಿ ಶೆಣೈಯವರು ಮಾಡಿದಂತಹ ಕೆಲಸಕ್ಕೆ ಕೈಗಳೇ ಇರುವುದಿಲ್ಲ. ಪ್ರಾಧ್ಯಾಪಕರ ಪಾಲಿನ ಹೊಣೆಯೂ ಉಂಟು. ತನ್ನ ಶಾಸ್ತ್ರದ ಎಲ್ಲೆ ಎಲ್ಲಿ ಮುಗಿಯಿತು, ತನ್ನ ಒಲವು ಎಲ್ಲಿ ಆರಂಭವಾಯಿತು ಎಂಬ ಗೆರೆಯನ್ನು ಅವನೇ ಎಳೆದು ತೋರಿಸಬೇಕು. ಆ ಗೆರೆಯನ್ನು ಅಳಿಸಿ ಎಲ್ಲ ವಿಷಯಕ್ಕೂ ಎಲ್ಲ ವಾಹಿನಿಗಳಲ್ಲಿಯೂ ದೊರೆಯುವವರ ಮಾತಿಗೆ ಬೆಲೆ ಇಳಿದಿದ್ದರೆ ಅದಕ್ಕೆ ಸರಕಾರವೊಂದನ್ನೇ ದೂರುವುದು ಸಲ್ಲದು.

ನಮ್ಮ ಪಾಲಿನ ಒಂದು ಕೊರತೆಯನ್ನು ಹೇಳಿ ಮುಗಿಸುತ್ತೇನೆ. ಶೆಣೈ, ಬ್ರಹ್ಮಾನಂದ, ಶ್ರೀನಿವಾಸ, ಮೂವರ ಮುಖ್ಯ ಬರಹಗಳೂ ಇಂಗ್ಲಿಷಿನಲ್ಲಿವೆ. ರೂಪಾಯಿಯ ಹಣೆಬರಹವನ್ನೂ ಮತದ ಹಣೆಬರಹವನ್ನೂ ಮೊದಲೇ ಓದಲು ಯತ್ನಿಸಿದ ಇವರ ವಾದಗಳು, ಯಾದಗಿರಿಯ ಆ ಗಾರೆಯವನು ಬಲ್ಲ ಭಾಷೆಯಲ್ಲಿ ಸಿಗುವಂತಾಗಬೇಕು. ಈಚೆಗೆ ರಜೆಯ ದಿನಗಳಲ್ಲಿ ಶೆಣೈಯವರ ಟಿಪ್ಪಣಿಯನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿದ್ದೇನೆ. ‘ಖೋತಾ ಹಣಕಾಸು’ ಎಂಬುದು ನಮ್ಮ ಹಿರಿಯರು ಬಳಸುತ್ತಿದ್ದ ಮಾತು. ಕಿರಿಯರು ‘ಕೊರತೆ ಹಣಕಾಸು’ ಎನ್ನುತ್ತಾರೆ. ಎರಡೂ ನೋಟು ಹೊರಡಿಸುವ ಕ್ರಿಯೆಯನ್ನು ಹೇಳುವುದಿಲ್ಲ. ಹಳೆಯ ಜಮಾಖರ್ಚಿನ ಪುಸ್ತಕಗಳಲ್ಲಿ, ಮಂಗಳೂರು ಧಾರವಾಡಗಳ ಅಂಗಡಿಯ ಮಾತಿನಲ್ಲಿ ಇದಕ್ಕಿಂತ ಹತ್ತಿರದ ಪದವಿದ್ದರೆ ವಾಚಕರು ಸಂಪಾದಕರ ಮೂಲಕ ತಿಳಿಸಿ ಉಪಕರಿಸಬೇಕಾಗಿ ಕೋರುತ್ತೇನೆ.